ಸುವರ್ಣಗೆಡ್ಡೆಯ ಹೂವು



ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟದಂಚಿನಲ್ಲಿ ಮುಂಗಾರಿನ ಮೊದಲ ಹನಿ ಬಿದ್ದಾಗ, ಬಲಿತ ಸುವರ್ಣಗೆಡ್ಡೆ ಎಲೆ ಮೂಡುವ ಮುನ್ನವೇ ಹೂ ಬಿಡುತ್ತದೆ. ಕೊಳೆತ ಮಾಂಸದ ನಾತ. ಜನ ಮೂಗು ಮುಚ್ಚಿ ದೂರ ಸರಿಯುತ್ತಾರೆ. ಆ ನಾತಕ್ಕೇ ನೊಣ, ಜೀರುಂಡೆಗಳು ಬಂದು ಪರಾಗ ಹೊತ್ತೊಯ್ಯುತ್ತವೆ. ಗೆಡ್ಡೆಯನ್ನು ಹುಳಿ ಹಾಕಿ ಬೇಯಿಸಿದರೆ ತುರಿಕೆ ಅಡಗಿ, ದಾಸೋಹದ ಪಂಕ್ತಿಗೆ ಬಡಿಸುವ ಪದಾರ್ಥವಾಗುತ್ತದೆ. ಅಮರಕೋಶ ಇದನ್ನು ಅರ್ಶೋಘ್ನ, ಎಂದರೆ ಮೂಲವ್ಯಾಧಿಯನ್ನು ಕಳೆಯುವುದು, ಎಂದು ಕರೆದಿದೆ.

ಹೂವಿನ ನಾತವನ್ನು ಮರೆತು ಗೆಡ್ಡೆಯನ್ನು ಅಡಿಗೆಮನೆಗೆ ತರುವ ನೀವು, ಹುಣ್ಣಿನ ವಾಸನೆಗೆ ಹೇಸಿ ಹೆತ್ತ ತಾಯಿಯ ಹಾಸಿಗೆಯನ್ನು ಕೊಟ್ಟಿಗೆಗೆ ಹಾಕಬಹುದೆ? ಭಕ್ತರ ಮನೆಗಳಲ್ಲಿಯೇ ನಾವು ಇದನ್ನು ಕಂಡಿದ್ದೇವೆ. ಆ ಹುಣ್ಣನ್ನು ತೊಳೆದ ಕೈಯೇ ಇಷ್ಟಲಿಂಗವನ್ನು ಹಿಡಿಯಲು ಯೋಗ್ಯವಾದ ಕೈ. ಇಂದು ಮನೆಗೆ ಹೋದವರು ಮೊದಲು ಆ ಹಾಸಿಗೆಯನ್ನು ಒಳಗೆ ತನ್ನಿರಿ, ಪೂಜೆ ಆಮೇಲೆ.