ಕಾಣದ ಸ್ನೇಹಕ್ಕೂ ಇರಲಿ ಸಂಘದ ನಿಯಮ
(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಮಾಹಿತಿಯಿಂದ)



ನಮ್ಮ ಸಂಘಕ್ಕೆ ಹೊಸಬರೊಬ್ಬರು ಸೇರಿದರೆ ಮೊದಲ ವಾರವೇ ಅವರಿಗೆ ಐವತ್ತು ಸಾವಿರ ಸಾಲ ಕೊಡ್ತೇವಾ? ಇಲ್ಲ. ಅವರು ವಾರ ವಾರ ಸಭೆಗೆ ಬರಬೇಕು, ಉಳಿತಾಯ ಕಟ್ಟಬೇಕು, ಚಿಕ್ಕ ಸಾಲ ತಗೊಂಡು ಸರಿಯಾಗಿ ತೀರಿಸಬೇಕು. ದೊಡ್ಡ ಸಾಲದ ಮಾತು ಆಮೇಲೆ. ಆದರೆ ಫೇಸ್‌ಬುಕ್ಕಿನಲ್ಲಿ ಹತ್ತು ದಿನದ ಹಿಂದೆ ಪರಿಚಯವಾದವರಿಗೆ ಮನೆಯ ಗುಟ್ಟು, ಫೋಟೋ, ಕೆಲವೊಮ್ಮೆ ಹಣವನ್ನೂ ಕೊಟ್ಟುಬಿಡುವವರಿದ್ದಾರೆ. ಅವರು ದಡ್ಡರಲ್ಲ. ಹಾಗಾದರೆ ಹೀಗೇಕಾಗುತ್ತದೆ?

ಅಮೆರಿಕದ ಸಂವಹನ ತಜ್ಞ ಜೋಸೆಫ್ ವಾಲ್ತರ್ 1996ರಲ್ಲೇ ಇದನ್ನು ವಿವರಿಸಿದ್ದರು. ಆಗ ಫೇಸ್‌ಬುಕ್ ಹುಟ್ಟಿರಲೇ ಇಲ್ಲ. ಅದು ಶುರುವಾದದ್ದು 2004ರಲ್ಲಿ. ಬರೆದು ಮಾತಾಡುವಾಗ ಆಚೆಯವರು ಯೋಚಿಸಿ, ಅಳಿಸಿ, ತಿದ್ದಿ ತಮ್ಮ ಒಳ್ಳೆಯ ಮುಖವನ್ನಷ್ಟೇ ತೋರಿಸಬಹುದು. ಅವರ ಸಿಟ್ಟು, ಸೋಮಾರಿತನ, ಸುಳ್ಳು ನಮಗೆ ಕಾಣುವುದಿಲ್ಲ. ಕಾಣದ ಭಾಗವನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ, ಅದೂ ನಮಗೆ ಬೇಕಾದ ಹಾಗೆ. ದಿನವಿಡೀ ದುಡಿದು ಬಂದವಳಿಗೆ ಮನೆಯಲ್ಲಿ ಯಾರೂ ಕೇಳದ "ಊಟ ಆಯ್ತಾ?" ಎಂಬ ಮಾತು ಫೋನಿನಲ್ಲಿ ಬಂದರೆ ಎಷ್ಟು ಹಿತ ಅಲ್ವಾ? ಆ ಹಿತ ನಿಜ. ಆದರೆ ಆ ವ್ಯಕ್ತಿಯ ಅರ್ಧ ನಾವೇ ಕಲ್ಪಿಸಿಕೊಂಡದ್ದು.

ಸ್ನೇಹಿತರ ಸಂಖ್ಯೆಯೂ ನಮ್ಮನ್ನು ಮರುಳು ಮಾಡುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಾಬಿನ್ ಡನ್ಬಾರ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೇಸ್‌ಬುಕ್ಕಿನಲ್ಲಿ ಸರಾಸರಿ ನೂರೈವತ್ತರಷ್ಟು ಸ್ನೇಹಿತರಿದ್ದರೂ ಕಷ್ಟಕಾಲಕ್ಕೆ ನಂಬಬಹುದಾದವರು ಸುಮಾರು 4 ಮಂದಿ ಎಂದು ಜನ ಹೇಳಿದ್ದರು. ನಿಮ್ಮ ಆ ನಾಲ್ವರು ಯಾರು? ಬಹುಶಃ ನಿಮ್ಮ ಪಕ್ಕದಲ್ಲೇ ಕುಳಿತಿದ್ದಾರೆ.

ಹಾಗಂತ ಫೋನ್ ಬಿಸಾಡಿ ಅಂತ ನಾನು ಹೇಳುವುದಿಲ್ಲ. ಗಲ್ಫಿನಲ್ಲಿರುವ ಮಗನ ಮುಖ ದಿನಾ ನೋಡುವುದು ಅದರಿಂದಲೇ. ಹೊಲಿಗೆಯ, ಉಪ್ಪಿನಕಾಯಿಯ ಆರ್ಡರ್ ಬರುವುದೂ ವಾಟ್ಸಾಪಿನಲ್ಲೇ. ಆದರೆ ಮುಖ ಕಾಣದ ಸ್ನೇಹಕ್ಕೂ ಸಂಘದ ನಿಯಮಗಳನ್ನೇ ಇಡೋಣ:

* ಅವಸರ ಬೇಡ. ಕಾಲ ಕಳೆಯಲಿ, ಹೇಳಿದ್ದು ನಿಜವೋ ಎಂದು ನೋಡಿ.
* ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. "ಉಡುಗೊರೆ ಕಳಿಸಿದ್ದೇನೆ, ಕಸ್ಟಮ್ಸ್ ಶುಲ್ಕ ಕಟ್ಟಿ" ಎನ್ನುವುದು ಮೋಸಗಾರರ ಹಳೆಯ ಮಾತು.
* "ಇದು ನಮ್ಮಿಬ್ಬರಲ್ಲೇ ಇರಲಿ, ಮನೆಯಲ್ಲಿ ಹೇಳ್ಬೇಡ" ಎಂದರೆ ಎಚ್ಚರ. ಸಂಘದಲ್ಲಿ ಲೆಕ್ಕ ಎಲ್ಲರೆದುರು ಓದುತ್ತೇವೆ. ಒಳ್ಳೆಯ ಸ್ನೇಹಕ್ಕೂ ಒಬ್ಬರಾದರೂ ಸಾಕ್ಷಿ ಇರಲಿ.

ಕೊನೆಯದಾಗಿ, ಬಹಳ ಮುಖ್ಯವಾದ ಮಾತು. ನಮ್ಮಲ್ಲೊಬ್ಬಳು ಮೋಸಹೋದರೆ "ನಿನಗೆ ಬುದ್ಧಿ ಇರ್ಲಿಲ್ವಾ?" ಎಂದು ಕೇಳಬೇಡಿ. ಫೋಟೋ ಹಂಚುತ್ತೇನೆ ಎಂದು ಹೆದರಿಸುವವನ ಬಲವೇ ಅವಳ ನಾಚಿಕೆ. ನಾವು ನಕ್ಕರೆ ಅವಳು ಬಾಯಿ ಮುಚ್ಚುತ್ತಾಳೆ, ಅವನು ಮತ್ತೆ ಹಣ ಕೇಳುತ್ತಾನೆ. ಅವಳ ಜೊತೆ ಕುಳಿತು ಸಂದೇಶಗಳನ್ನು ಅಳಿಸದೆ ಇಡಿಸಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಬೆದರಿಕೆ ಇದ್ದರೆ ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗಿ.

ಮುಂದಿನ ವಾರದ ಸಭೆಯಲ್ಲಿ ಸಾಲ-ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯ ಮಾತಾಡಿ. "ಊಟ ಆಯ್ತಾ?" ಎಂದು ಒಬ್ಬರನ್ನೊಬ್ಬರು ನಾವೇ ಕೇಳೋಣ.