ಭೂಮಿಯ ಬಿಸಿಯಿಂದ ವಿದ್ಯುತ್ತು



ಮಳೆ ಕೈಕೊಟ್ಟರೆ ಹೊಲ ಒಣಗುವುದಷ್ಟೇ ಅಲ್ಲ, ಅಣೆಕಟ್ಟೆಯ ನೀರು ಇಳಿದು ವಿದ್ಯುತ್ತೂ ಕಡಿಮೆಯಾಗುತ್ತದೆ. ಆಫ್ರಿಕದ ಕೀನ್ಯಾ ದೇಶದವರು ಈ ಕಷ್ಟವನ್ನು ಬಲ್ಲರು. ಅವರು ಹಿಡಿದ ದಾರಿಯೊಂದನ್ನು ಈ ಹೊತ್ತು ತಮಗೆ ತಿಳಿಸುತ್ತೇನೆ.

ಅಲ್ಲಿನ ನೈವಾಶಾ ಸರೋವರದ ಬಳಿಯ ಓಲ್ಕರಿಯಾದಲ್ಲಿ ನೆಲದೊಳಗಿನ ಬಂಡೆ ಕಾದಿದೆ. ಎರಡು ಮೂರು ಕಿಲೋಮೀಟರು ಆಳದ ಬಾವಿ ಕೊರೆದು, ಮೇಲೆ ಬರುವ ಹಬೆಯಿಂದ ಯಂತ್ರದ ಚಕ್ರ ತಿರುಗಿಸುತ್ತಾರೆ. ಉಳಿದ ನೀರನ್ನು ಮತ್ತೆ ಭೂಮಿಗೇ ಇಳಿಸುತ್ತಾರೆ. ಕಲ್ಲಿದ್ದಲು ಸುಡಬೇಕಿಲ್ಲ, ಬರಗಾಲದಲ್ಲೂ ಹಬೆ ನಿಲ್ಲುವುದಿಲ್ಲ. 1981ರಲ್ಲಿ 15 ಮೆಗಾವ್ಯಾಟಿನಿಂದ ಆರಂಭವಾದ ಈ ಕೆಲಸದಿಂದ ಇಂದು ಆ ದೇಶದ ವಿದ್ಯುತ್ತಿನ ಸುಮಾರು ಐದರಲ್ಲಿ ಎರಡು ಪಾಲು ದೊರೆಯುತ್ತಿದೆ.

ಕೊಳವೆ ಬಾವಿ ಕೊರೆಸಿ, ನೀರು ಸಿಗದೆ, ಸಾಲ ಹೊತ್ತವರು ನಮ್ಮಲ್ಲಿದ್ದಾರೆ. ಹಬೆಯ ಬಾವಿಗೂ ಅದೇ ಗಂಡಾಂತರ. ಒಂದೊಂದಕ್ಕೂ ಕೋಟ್ಯಂತರ ರೂಪಾಯಿ ಬೇಕು. ಆದ್ದರಿಂದ 2008ರಲ್ಲಿ ಅಲ್ಲಿನ ಸರ್ಕಾರವೇ ಒಂದು ಕಂಪೆನಿ ಸ್ಥಾಪಿಸಿ, ಮೊದಲ ಕೊರೆತದ ಹೊಣೆಯನ್ನು ಹೊತ್ತಿತು.

ಇನ್ನೊಂದು ಮಾತನ್ನೂ ಹೇಳಬೇಕು. 2014ರಲ್ಲಿ ಈ ಕೆಲಸಕ್ಕಾಗಿ ಮಸಾಯಿ ದನಗಾಹಿ ಕುಟುಂಬಗಳು ತಮ್ಮ ನೆಲೆ ಬಿಡಬೇಕಾಯಿತು. ಅವರಲ್ಲಿ ಕೆಲವರು ವಿಶ್ವ ಬ್ಯಾಂಕಿಗೆ ದೂರು ಕೊಟ್ಟರು.

ಆದ್ದರಿಂದ ನಮ್ಮೂರಿಗೆ ಯಾವ ಹೊಸ ಯೋಜನೆ ಬಂದರೂ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಷ್ಟವಾದರೆ ಹೊರುವವರು ಯಾರು? ನೆಲ ಬಿಟ್ಟುಕೊಟ್ಟವರಿಗೆ ಸಿಗುವುದೇನು?