ಹಬ್ಬದ ದಿನ ಎರಡು, ಪಂಕ್ತಿ ಒಂದು



ಹೊಸ ವರ್ಷದ ರಜಾಪಟ್ಟಿ ಕೈಗೆ ಬಂದ ಕೂಡಲೇ ನಾವೆಲ್ಲ ಮೊದಲು ಮಾಡುವ ಕೆಲಸ ಒಂದೇ. ಯಾವ ಹಬ್ಬ ಭಾನುವಾರದ ಪಾಲಾಯಿತು, ಯಾವುದು ಶುಕ್ರವಾರವೋ ಸೋಮವಾರವೋ ಬಂದು ಊರಿಗೆ ಹೋಗಿಬರಲು ದಾರಿ ಮಾಡಿಕೊಟ್ಟಿತು ಎಂದು ನೋಡುವುದು. ಈ ವಿಷಯದಲ್ಲಿ ಗುಡ್ ಫ್ರೈಡೇ ಎಂದೂ ಮೋಸ ಮಾಡುವುದಿಲ್ಲ. ಹೆಸರೇ ಹೇಳುವಂತೆ ಅದು ಶುಕ್ರವಾರವೇ. ಆದರೆ ಅದರ ತಾರೀಕು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. 2024ರಲ್ಲಿ ಮಾರ್ಚ್ 29, 2025ರಲ್ಲಿ ಏಪ್ರಿಲ್ 18, 2026ರಲ್ಲಿ ಏಪ್ರಿಲ್ 3. ಅದೇ ಪಟ್ಟಿಯ ಕ್ರಿಸ್ಮಸ್ ನೋಡಿ, ಡಿಸೆಂಬರ್ 25 ಬಿಟ್ಟು ಕದಲುವುದಿಲ್ಲ. ಒಂದೇ ಧರ್ಮದ ಎರಡು ಹಬ್ಬಗಳಲ್ಲಿ ಒಂದು ಗೂಟಕ್ಕೆ ಕಟ್ಟಿದಂತೆ ನಿಂತಿದೆ, ಇನ್ನೊಂದು ಓಡಾಡುತ್ತದೆ. ಏಕೆ?

ಕಾರಣ ಚಂದ್ರ. ಯುಗಾದಿಗೆ ಪಂಚಾಂಗ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಚಂದ್ರನ ಲೆಕ್ಕದ ಹಿಂದೆ ಒಂದು ದೊಡ್ಡ ಜಗಳವಿದೆ. ಜಗಳಕ್ಕಿಂತ ದೊಡ್ಡದಾದ ಒಂದು ನಡವಳಿಕೆಯೂ ಇದೆ. ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿರುವುದು ಆ ಕಥೆಯನ್ನು.

ಯೆಹೂದ್ಯರ ಪಸ್ಕ ಹಬ್ಬ ನಿಮಗೆ ಗೊತ್ತಿರಬಹುದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಹಬ್ಬ. ಅವರ ಚಾಂದ್ರಮಾನದ ನಿಸಾನ್ ತಿಂಗಳ 14ನೆಯ ದಿನ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಹೊತ್ತಿಗೆ, ಪಸ್ಕದ ಕುರಿಮರಿಯನ್ನು ಕೊಯ್ಯುತ್ತಿದ್ದರು. ಯೇಸುವನ್ನು ಶಿಲುಬೆಗೆ ಏರಿಸಿದ್ದೂ ಈ ಹಬ್ಬದ ಸಮಯದಲ್ಲೇ. ಹಾಗಾಗಿ ಮೊದಲ ಕ್ರೈಸ್ತರಿಗೂ ಅದೇ ದೊಡ್ಡ ಹಬ್ಬವಾಯಿತು. ಅದರ ಹೆಸರೂ ಪಸ್ಕವೇ.

ತೊಡಕು ಬಂದದ್ದು ದಿನದ ವಿಷಯದಲ್ಲಿ. ಏಷ್ಯಾ ಪ್ರಾಂತ್ಯದ ಸಭೆಗಳು, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯ ಕ್ರೈಸ್ತರು, ವಾರ ಯಾವುದೇ ಬರಲಿ, 14ನೆಯ ದಿನವೇ ಉಪವಾಸ ಮುಗಿಸಿ ಹಬ್ಬ ಮಾಡುತ್ತಿದ್ದರು. ರೋಮ್ ಮೊದಲಾದ ಕಡೆಯವರು ಯೇಸು ಪುನರುತ್ಥಾನ ಹೊಂದಿದ ವಾರ ಭಾನುವಾರ, ಆದ್ದರಿಂದ ಭಾನುವಾರದವರೆಗೂ ಉಪವಾಸ ಬಿಡಬಾರದು ಎನ್ನುತ್ತಿದ್ದರು. ಒಬ್ಬರಿಗೆ ತಿಥಿ ಮುಖ್ಯ, ಇನ್ನೊಬ್ಬರಿಗೆ ವಾರ ಮುಖ್ಯ. ಒಬ್ಬರು ಉಪವಾಸವಿರುವಾಗ ಇನ್ನೊಬ್ಬರ ಮನೆಯಲ್ಲಿ ಹಬ್ಬದೂಟ!

ಈಗ ರೋಮ್ ನಗರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಆ ಕಾಲದ ಮಹಾನಗರ ಅದು. ಸಾಮ್ರಾಜ್ಯದ ಮೂಲೆಮೂಲೆಯಿಂದ ವ್ಯಾಪಾರಕ್ಕೆ, ವಿದ್ಯೆಗೆ, ಹೊಟ್ಟೆಪಾಡಿಗೆ ಬಂದವರಿಂದ ತುಂಬಿದ ಊರು. ಏಷ್ಯಾ ಕಡೆಯಿಂದ ಬಂದ ಕ್ರೈಸ್ತರೂ ಅಲ್ಲಿದ್ದರು. ಊರು ಬಿಟ್ಟರೂ ಅವರು ಊರಿನ ಪಂಚಾಂಗ ಬಿಡಲಿಲ್ಲ. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಅವರ ಮನಸ್ಸು ಅರ್ಥವಾಗುವುದು ಕಷ್ಟವೇನಲ್ಲ, ಅಲ್ಲವೇ?

ಸುಮಾರು ಕ್ರಿ.ಶ. 155ರ ಹೊತ್ತಿಗೆ ಅಂಥ ಏಷ್ಯಾದಿಂದಲೇ ಒಬ್ಬ ವೃದ್ಧರು ರೋಮಿಗೆ ಬಂದರು. ಹೆಸರು ಪಾಲಿಕಾರ್ಪ್. ಸ್ಮಿರ್ನ ಎಂಬ ಬಂದರು ನಗರದ ಬಿಷಪ್. ಇಂದು ಆ ಊರನ್ನು ಇಜ್ಮಿರ್ ಎನ್ನುತ್ತಾರೆ. ಅವರು ಯೇಸುವಿನ ಶಿಷ್ಯ ಯೋಹಾನರನ್ನು ಕಣ್ಣಾರೆ ಕಂಡವರು ಎಂದು ಅವರ ಶಿಷ್ಯರು ಹೇಳುತ್ತಿದ್ದರು. ಆಗ ರೋಮಿನ ಬಿಷಪ್ ಆಗಿದ್ದವರು ಅನಿಸೆಟಸ್. ಇಬ್ಬರೂ ಕುಳಿತು ಮಾತನಾಡಿದರು. ಸಣ್ಣಪುಟ್ಟ ಭಿನ್ನಾಭಿಪ್ರಾಯಗಳು ಬೇಗ ಬಗೆಹರಿದವು. ಹಬ್ಬದ ದಿನದ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ನಾನು ಯೋಹಾನರ ಜೊತೆಯಲ್ಲೇ ಆಚರಿಸಿದ ದಿನವನ್ನು ಹೇಗೆ ಬಿಡಲಿ ಎಂಬುದು ಪಾಲಿಕಾರ್ಪ್ ಅವರ ನಿಲುವು. ನನ್ನ ಹಿರಿಯರು ನಡೆಸಿಕೊಂಡು ಬಂದದ್ದನ್ನು ನಾನು ಹೇಗೆ ಮುರಿಯಲಿ ಎಂಬುದು ಅನಿಸೆಟಸ್ ಅವರದು. ಎರಡೂ ಕಡೆ ಹಿರಿಯರ ಮೇಲಿನ ಗೌರವವೇ. ಹಾಗಾಗಿ ಇಬ್ಬರಲ್ಲಿ ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ.

ಆಮೇಲೆ ಏನಾಯಿತು? ಕ್ರೈಸ್ತರ ಆರಾಧನೆಯ ಕೇಂದ್ರ ಪರಮಪ್ರಸಾದ. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಆಶೀರ್ವದಿಸಿ ಹಂಚಿಕೊಳ್ಳುವ ಪೂಜೆ. ಅದನ್ನು ನಡೆಸಿಕೊಡುವುದು ಆಯಾ ಊರಿನ ಬಿಷಪ್. ಅನಿಸೆಟಸ್ ತಮ್ಮದೇ ಸಭೆಯಲ್ಲಿ ಆ ಸ್ಥಾನವನ್ನು ಪಾಲಿಕಾರ್ಪ್ ಅವರಿಗೆ ಬಿಟ್ಟುಕೊಟ್ಟರು. ಮನೆಯ ಯಜಮಾನ ತನ್ನ ಮಣೆಯನ್ನೇ ಅತಿಥಿಗೆ ಹಾಕಿಕೊಟ್ಟಂತೆ. ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿ, ಒಪ್ಪದೆಯೇ, ಸಮಾಧಾನದಿಂದ ಬೀಳ್ಕೊಂಡರು.

ಇವರು ಯಾವುದಕ್ಕೂ ಸೈ ಎನ್ನುವ ಮೆತ್ತನೆಯ ಮನುಷ್ಯರು ಎಂದುಕೊಳ್ಳಬೇಡಿ. ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಬೋಧಿಸುತ್ತಿದ್ದ ಮಾರ್ಸಿಯನ್ ಎದುರಾದಾಗ ಪಾಲಿಕಾರ್ಪ್ ಮುಖದ ಮೇಲೆ ಹೊಡೆದಂತೆ ಮಾತನಾಡಿದ್ದರು. ರೋಮಿನಿಂದ ಮರಳಿದ ಮೇಲೆ, ನಂಬಿಕೆಯನ್ನು ನಿರಾಕರಿಸಲು ಒಪ್ಪದೆ ಸ್ಮಿರ್ನದಲ್ಲೇ ಪ್ರಾಣ ಕೊಟ್ಟರು. ಎಲ್ಲಿ ಬಗ್ಗಬಾರದು, ಎಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡಬೇಕು ಎಂಬ ವಿವೇಕ ಅವರಿಗಿತ್ತು.

ಮುಂದಿನ ತಲೆಮಾರಿಗೆ ಆ ವಿವೇಕ ಸಾಲದಾಯಿತು. ಸುಮಾರು 190ರ ಹೊತ್ತಿಗೆ ರೋಮಿನ ಬಿಷಪ್ ಆಗಿದ್ದ ವಿಕ್ಟರ್, ಎಲ್ಲರೂ ಭಾನುವಾರವೇ ಆಚರಿಸಬೇಕೆಂದು ಪಟ್ಟು ಹಿಡಿದರು. ಎಫೆಸದ ಬಿಷಪ್ ಪಾಲಿಕ್ರಟೀಸ್ ಒಪ್ಪಲಿಲ್ಲ. ನಮ್ಮ ನೆಲದಲ್ಲಿ ಯೋಹಾನರ ಸಮಾಧಿಯಿದೆ, ಪಾಲಿಕಾರ್ಪ್ ಅವರ ನೆನಪಿದೆ, ನನ್ನ ಬಂಧುಗಳಲ್ಲೇ ಏಳು ಮಂದಿ ಬಿಷಪ್ ಆಗಿದ್ದರು, ನಾನು ಎಂಟನೆಯವನು, ಬೆದರಿಕೆಗೆ ಹೆದರುವವನಲ್ಲ ಎಂಬ ಅರ್ಥದ ಪತ್ರ ಬರೆದರು. ಸಿಟ್ಟಿಗೆದ್ದ ವಿಕ್ಟರ್ ಏಷ್ಯಾದ ಸಭೆಗಳನ್ನೆಲ್ಲ ಒಮ್ಮೆಗೇ ಬಹಿಷ್ಕರಿಸಲು ಹೊರಟರು.

ಆಗ ಮಧ್ಯೆ ಬಂದವರು ಲಿಯೋನ್ ನಗರದ ಬಿಷಪ್ ಇರೇನಿಯಸ್. ಅದು ಇಂದಿನ ಫ್ರಾನ್ಸಿನ ಊರು. ಆದರೆ ಇರೇನಿಯಸ್ ಏಷ್ಯಾದ ಕಡೆಯವರು, ಹುಡುಗನಾಗಿದ್ದಾಗ ಪಾಲಿಕಾರ್ಪ್ ಅವರ ಬೋಧನೆ ಕೇಳಿದವರು. ಆ ಹಿರಿಯರು ಎಲ್ಲಿ ಕುಳಿತು ಮಾತನಾಡುತ್ತಿದ್ದರು ಎಂಬುದು ಕೂಡ ಮುಪ್ಪಿನವರೆಗೂ ಅವರಿಗೆ ನೆನಪಿತ್ತು. ತಪ್ಪು ಬೋಧನೆಗಳನ್ನು ಖಂಡಿಸಿ ಐದು ಸಂಪುಟ ಬರೆದ ಗಟ್ಟಿ ಪಂಡಿತರು ಅವರು. ಹಬ್ಬದ ವಿಷಯದಲ್ಲಿ ಸ್ವತಃ ಭಾನುವಾರದ ಪಕ್ಷದವರು. ಆದರೂ ತಮ್ಮದೇ ಪಕ್ಷದ ವಿಕ್ಟರ್ ಅವರಿಗೆ ಬುದ್ಧಿ ಹೇಳಿ ಪತ್ರ ಬರೆದರು.

ಪತ್ರದ ತಿರುಳು ಇಷ್ಟು. ಭೇದ ಬರೀ ದಿನದಲ್ಲಿ ಇಲ್ಲ, ಉಪವಾಸದಲ್ಲೂ ಇದೆ. ಕೆಲವರು ಒಂದು ದಿನ ಮಾಡುತ್ತಾರೆ, ಕೆಲವರು ಎರಡು ದಿನ, ಕೆಲವರು ಇನ್ನೂ ಹೆಚ್ಚು. ಆದರೂ ನಮ್ಮ ಹಿರಿಯರು ಸಮಾಧಾನವಾಗಿದ್ದರು. ನಿಮಗಿಂತ ಮುಂಚಿನ ರೋಮಿನ ಹಿರಿಯರು 14ನೆಯ ದಿನ ಆಚರಿಸುವವರಿಗೂ ಪರಮಪ್ರಸಾದ ಕಳುಹಿಸುತ್ತಿದ್ದರು. ಇಷ್ಟು ಹೇಳಿ, ಪಾಲಿಕಾರ್ಪ್ ಮತ್ತು ಅನಿಸೆಟಸ್ ಅವರ ಭೇಟಿಯನ್ನು ನೆನಪಿಸಿದರು. ನಾನು ಈಗ ತಾನೇ ಹೇಳಿದ ಆ ಕಥೆ ನಮಗೆ ಉಳಿದು ಬಂದಿರುವುದೇ ಈ ಪತ್ರದಿಂದ. ಚರ್ಚಿನ ಮೊದಲ ಇತಿಹಾಸಕಾರ ಯೂಸೀಬಿಯಸ್ ಅದನ್ನು ತಮ್ಮ ಗ್ರಂಥದಲ್ಲಿ ಸೇರಿಸಿದರು. ಇರೇನಿಯಸ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಶಾಂತಿ ಎಂಬ ಪದವೇ ಮೂಲ. ಹೆಸರಿಗೆ ತಕ್ಕ ಮನುಷ್ಯ ಎಂದು ಯೂಸೀಬಿಯಸ್ ಮೆಚ್ಚಿಕೊಂಡಿದ್ದಾರೆ. 14ನೆಯ ದಿನದ ಆಚರಣೆ ಅಲ್ಲಲ್ಲಿ ಇನ್ನೂ ಇನ್ನೂರು ವರ್ಷಕ್ಕೂ ಮೀರಿ ಉಳಿಯಿತು.

ಕೊನೆಗೆ ಕ್ರಿ.ಶ. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯ ಎಂಬಲ್ಲಿ ಮಹಾಸಭೆ ಕರೆದ. ಮುಖ್ಯ ವಿಷಯ ಏರಿಯಸ್ ಎಂಬ ಪಾದ್ರಿಯ ಬೋಧನೆ. ದೇವಪುತ್ರ ತಂದೆಗೆ ಸಮಾನನೇ, ಅಥವಾ ತಂದೆ ಸೃಷ್ಟಿಸಿದವನೇ ಎಂಬ ದೊಡ್ಡ ಪ್ರಶ್ನೆ. ಜೊತೆಗೆ ಹಬ್ಬದ ದಿನವೂ ತೀರ್ಮಾನವಾಯಿತು: ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು. ಮುಂದೆ ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಎಂಬ ಲೆಕ್ಕ ನೆಲೆಯಾಯಿತು. ಖಗೋಳ ಗಣಿತಕ್ಕೆ ಹೆಸರಾದ ಅಲೆಕ್ಸಾಂಡ್ರಿಯದ ಬಿಷಪ್ ಪ್ರತಿ ವರ್ಷ ಪತ್ರ ಬರೆದು ಹಬ್ಬದ ದಿನ ಸಾರುತ್ತಿದ್ದರು. ಪ್ರಕಟಣೆ ಓದುವ ವೃತ್ತಿಯವಳಾದ ನನಗೆ ಈ ಪತ್ರಗಳ ಮೇಲೆ ವಿಶೇಷ ಪ್ರೀತಿ. ಐದು ಬಾರಿ ಗಡೀಪಾರಾದ ಅಥನೇಷಿಯಸ್ ಅವರು 367ರಲ್ಲಿ ಬರೆದ ಇಂಥದೇ ಹಬ್ಬದ ಪತ್ರದಲ್ಲಿ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇದೆ. ಇಂದಿನ ಬೈಬಲಿನಲ್ಲಿ ಇರುವುದೂ ಅವೇ 27.

ಒಂದು ದಿನವೇನೋ ಗೊತ್ತಾಯಿತು. ಆದರೆ ಅದಕ್ಕೆ ಬೆಲೆ ತೆತ್ತವರು ಬೇರೆ. ಅಲ್ಲಿಯವರೆಗೆ ಎಷ್ಟೋ ಕ್ರೈಸ್ತರು ಪಕ್ಕದ ಮನೆಯ ಯೆಹೂದ್ಯರನ್ನು ಕೇಳಿ ಹಬ್ಬದ ದಿನ ತಿಳಿಯುತ್ತಿದ್ದರು. ಚಕ್ರವರ್ತಿ ತನ್ನ ಪತ್ರದಲ್ಲಿ ಯೆಹೂದ್ಯರನ್ನು ಕಟುವಾಗಿ ನಿಂದಿಸಿ, ಅವರ ಲೆಕ್ಕ ನಮಗೆ ಬೇಡ ಎಂದ. 386-387ರಲ್ಲಿ ಆಂಟಿಯೋಕ್ ನಗರದಲ್ಲಿ ಜಾನ್ ಕ್ರಿಸೊಸ್ಟೊಮ್ ಎಂಬ ಮಹಾ ವಾಗ್ಮಿ, ಯೆಹೂದ್ಯರ ಹಬ್ಬಗಳಿಗೆ ಹೋಗುವ ಕ್ರೈಸ್ತರನ್ನು ತಡೆಯಲು ಸಾಲುಸಾಲು ಪ್ರವಚನ ಮಾಡಿದರು. ಆ ಮಾತುಗಳಲ್ಲಿದ್ದ ದ್ವೇಷ ಮುಂದಿನ ಶತಮಾನಗಳಲ್ಲಿ ಯೆಹೂದ್ಯರ ವಿರುದ್ಧ ಆಯುಧವಾಯಿತು. ಮನೆಯೊಳಗೆ ಒಗ್ಗಟ್ಟು ತರಲು ನೆರೆಮನೆಯ ಕಡೆಗೆ ಗೋಡೆ ಎಬ್ಬಿಸಿದಂತಾಯಿತು.

ಅಷ್ಟಾದರೂ ಆ ಒಂದು ದಿನ ಒಂದಾಗಿ ಉಳಿಯಲಿಲ್ಲ. 1582ರಲ್ಲಿ ಪೋಪ್ ಗ್ರೆಗೊರಿ ಕ್ಯಾಲೆಂಡರ್ ತಿದ್ದಿದ ಮೇಲೆ ಪಶ್ಚಿಮದವರ ಈಸ್ಟರ್ ಒಂದು ದಿನ, ಹಳೆಯ ಲೆಕ್ಕ ಬಿಡದ ಪೂರ್ವದ ಆರ್ಥೊಡಾಕ್ಸ್ ಸಭೆಗಳದು ಬಹುತೇಕ ಇನ್ನೊಂದು ದಿನ. 2024ರಲ್ಲಿ ಒಬ್ಬರಿಗೆ ಮಾರ್ಚ್ 31, ಇನ್ನೊಬ್ಬರಿಗೆ ಮೇ 5. ನೈಸಿಯದ ಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಮಾತ್ರ ಇಬ್ಬರದೂ ಏಪ್ರಿಲ್ 20ಕ್ಕೇ ಬಂತು. ಅದು ಚಂದ್ರನ ಕೃಪೆ.

ಕೇಳುಗರೇ, ನಾವಿರುವ ಈ ನಗರಗಳ ಒಂದೇ ಕಟ್ಟಡದಲ್ಲಿ ಒಂದು ಕನ್ನಡ ಮನೆಗೆ ಚಾಂದ್ರಮಾನ ಯುಗಾದಿ ಹೊಸ ವರ್ಷ, ಕರಾವಳಿಯ ಇನ್ನೊಂದು ಮನೆಗೆ ಏಪ್ರಿಲ್ ನಡುವಿನ ಬಿಸು. ಯಾವುದು ಸರಿ ಎಂದು ನಾವು ಸಭೆ ಕರೆಯುವುದಿಲ್ಲ. ಇವರ ಮನೆಯ ಹೋಳಿಗೆ ಆ ಮನೆಗೆ ಹೋಗುತ್ತದೆ, ಆ ಮನೆಯ ಪಾಯಸ ಈ ಮನೆಗೆ ಬರುತ್ತದೆ. ರೋಮಿನ ಹಿರಿಯರು ತಮ್ಮ ದಿನ ಆಚರಿಸದವರಿಗೂ ಪ್ರಸಾದ ಕಳುಹಿಸುತ್ತಿದ್ದರಲ್ಲ, ಅದೂ ಇದೇ ಜಾತಿಯ ವಿವೇಕ. ಇಂಥದಕ್ಕೆ ಆಜ್ಞೆ ಬೇಕಿಲ್ಲ. ಆದರೆ ಹಿರಿಯರು ಹೀಗೆ ನಡೆದುಕೊಂಡಿದ್ದರು ಎಂದು ನೆನಪಿಸುವ ಒಬ್ಬ ಇರೇನಿಯಸ್ ಪ್ರತಿ ತಲೆಮಾರಿಗೂ ಬೇಕು.

ಮುಂದಿನ ಬಾರಿ ಗುಡ್ ಫ್ರೈಡೇ ರಜೆಗೆ ಊರಿನ ಟಿಕೆಟ್ ತೆಗೆಸುವಾಗ ಆ ಇಬ್ಬರು ಹಿರಿಯರನ್ನು ಒಮ್ಮೆ ನೆನೆಯಿರಿ.